ಕನ್ನಡಿಗೆ ಕಾಣದ ಗಾಡಿ

ಕುಶನ್ ಕೆಲಸದ ಮೊದಲ ಪಾಠ, ಬಟ್ಟೆಯಲ್ಲಿ ಸುಕ್ಕು ಇರಕೂಡದು ಎಂಬುದು. ಫೋಮಿನ ಮೇಲೆ ಬಟ್ಟೆ ಹಾಸಿ, ನಾಲ್ಕೂ ಕಡೆಯಿಂದ ಎಳೆದು, ಅಂಚು ಮಡಚಿ ಪಿನ್ನು ಹೊಡೆದ ಮೇಲೆ ಬೆರಳಿನಿಂದ ತಟ್ಟಿದರೆ ಡೋಲಿನ ಸದ್ದು ಬರಬೇಕು. ಬಸ್ಸುಗಳಿಗೆ ಸೀಟು ಮಾಡುವ ಕಾರ್ಖಾನೆಯಲ್ಲಿ ನಾನು ಕೂದಲು ನರೆಯುವಷ್ಟು ಕಾಲ ಕೆಲಸ ಮಾಡಿದ್ದೇನೆ. ಬೇರೆ ಯಾವುದರಲ್ಲೂ ನನಗೆ ಅಷ್ಟು ಧೈರ್ಯವಿಲ್ಲ. ಮನೆಗೆ ಬೀಗ ಹಾಕಿ, ಎಳೆದು ನೋಡಿ, ಬೀದಿಯ ತಿರುವಿನಿಂದ ಮತ್ತೆ ವಾಪಸು ಬಂದು ಎಳೆದು ನೋಡುವವರ ಪೈಕಿ ನಾನು. ಬಟ್ಟೆ ಎಳೆಯುವ ವಿಷಯದಲ್ಲಿ ಮಾತ್ರ ನನ್ನ ಕೈಯನ್ನು ನಂಬುತ್ತಿದ್ದೆ.

ಆದ್ದರಿಂದ ಈಜು ಮೇಷ್ಟ್ರು ಒಂದು ಹರಿದ ಜಾಲರಿ ಬಟ್ಟೆಯ ಸೀಟು ತಂದು, ಇದಕ್ಕೆ ಹೊಸ ಬಟ್ಟೆ ಹಾಕಿಕೊಡಿ ಎಂದಾಗ, ಅದು ಯಾವ ಗಾಡಿಯದು ಎಂದು ಕೇಳಬೇಕೆಂದೇ ನನಗೆ ಹೊಳೆಯಲಿಲ್ಲ. ಮೇಷ್ಟ್ರು ನಗರದ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸಿ ನಿವೃತ್ತರಾದವರು. ಸೀಟು ಉದ್ದವಾಗಿ ಬಾಗಿತ್ತು, ಎರಡು ಬದಿಗೂ ಕೊಳವೆ, ನಡುವೆ ಜಾಲರಿ. ಈಜುಕೊಳದ ದಡದಲ್ಲಿ ಹಾಕುವ ಒರಗು ಕುರ್ಚಿಯಿರಬೇಕು ಎಂದುಕೊಂಡೆ. ಡೋಲಿನ ಸದ್ದು ಬರುವ ಹಾಗೆ ಬಿಗಿದು ಕೊಟ್ಟೆ.

ಮಾರನೆಯ ದಿನ ಅವರು ಆ ಸೀಟಿನ ಮೇಲೆಯೇ ಕುಳಿತು ಕಾರ್ಖಾನೆಯ ಗೇಟಿನೊಳಗೆ ಬಂದರು. ಮುಂದೆ ಎರಡು ಗಾಲಿ, ಹಿಂದೆ ಒಂದು. ಅವುಗಳ ನಡುವೆ, ನೆಲದಿಂದ ಒಂದು ಗೇಣು ಮೇಲೆ, ಮೇಷ್ಟ್ರು ಒರಗಿಕೊಂಡಿದ್ದರು. ಕಾಲುಗಳು ಮುಂದಕ್ಕೆ ಚಾಚಿ ಪೆಡಲ್ ತುಳಿಯುತ್ತಿದ್ದವು. ಹ್ಯಾಂಡಲ್ ತೊಡೆಯ ಪಕ್ಕದಲ್ಲಿ. ಮೂರು ಸೈಕಲ್ಲಿನ ಚೈನು ಸೇರಿಸಿದಷ್ಟು ಉದ್ದದ ಚೈನು ಸೀಟಿನ ಕೆಳಗಿನಿಂದ ಹಿಂದಿನ ಗಾಲಿಗೆ ಹೋಗುತ್ತಿತ್ತು. ಇದಕ್ಕೆ ರಿಕಂಬೆಂಟ್ ಟ್ರೈಕ್ ಅನ್ನುತ್ತಾರೆ, ಇದರಲ್ಲಿ ತಾನು ದೇಶದ ಅರ್ಧ ಸುತ್ತಿದ್ದೇನೆ ಎಂದರು. ಆಮೇಲೆ, ಬೈಯಲೂ ಆಗದೆ ನಗಲೂ ಆಗದೆ, ನಾನು ಬಿಗಿದ ಸೀಟಿನಲ್ಲಿ ಪ್ರತಿ ಬ್ರೇಕಿಗೂ ತಾನು ಪೆಡಲಿನ ಕಡೆಗೆ ಜಾರಿಹೋಗುತ್ತಿರುವುದನ್ನು ತಿಳಿಸಿದರು. ಬೆನ್ನಿನ ಆಕಾರಕ್ಕೆ ಅದು ತುಸು ಜೋತುಬೀಳಬೇಕಂತೆ.

ನಮ್ಮ ವಿಭಾಗದಲ್ಲಿ ಬಟ್ಟೆ ಕತ್ತರಿಸುವ ಹಿರಿಯಳನ್ನು ಎಲ್ಲರೂ ಕತ್ತರಿಯಕ್ಕ ಎನ್ನುತ್ತೇವೆ. ಅವಳ ಕೈಯಲ್ಲಿರುವುದಕ್ಕಿಂತ ಬಾಯಲ್ಲಿರುವುದು ಹರಿತ. ಅವಳು ಗಾಡಿಯನ್ನು ಒಂದು ಸುತ್ತು ಬಂದು ನೋಡಿದಳು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇದರಲ್ಲಿ ಕಾಲು ಹಾಸಿಗೆ ಬಿಟ್ಟು ಮುಂದಿನ ಬೀದಿಗೆ ಹೋಗಿದೆಯಲ್ಲ ಮೇಷ್ಟ್ರೇ."

ಕೂತು ನೋಡದೆ ಎಷ್ಟು ಸಡಿಲ ಬಿಡಬೇಕೆಂದು ಗೊತ್ತಾಗುವುದಿಲ್ಲ, ಕೂತುಕೊಳ್ಳಿ ಎಂದು ಮೇಷ್ಟ್ರು ನನಗೆ ಹೇಳಿದರು. ನಾನು ಹಿಂದೆ ಸರಿದೆ. ಅದಕ್ಕೆ ಕಾರಣವಿತ್ತು.

ಕೆಲವು ವರ್ಷಗಳ ಹಿಂದೆ ಬಂದ ಒಂದು ಜ್ವರ ನನ್ನ ಬಲಗಿವಿಯ ಒಳಗಿನ ನರವನ್ನು ತಿಂದುಹಾಕಿತ್ತು. ಕೇಳುವುದಕ್ಕೇನೂ ತೊಂದರೆಯಿಲ್ಲ. ಹೋದದ್ದು ಸಮತೋಲ. ತಲೆ ಥಟ್ಟನೆ ತಿರುಗಿಸಿದರೆ ಬೀದಿಯೇ ಒಂದು ಪಕ್ಕಕ್ಕೆ ವಾಲುತ್ತದೆ. ಹಿಡಿದುಕೊಳ್ಳಲು ಏನೂ ಇಲ್ಲದ ಬಯಲು ಜಾಗವೆಂದರೆ ನನಗೆ ಪ್ರಾಣಸಂಕಟ. ಅಂದಿನಿಂದ ಹೊರಗೆ ಹೋದಲ್ಲೆಲ್ಲ ನನ್ನ ಗಂಡ ನನ್ನ ಮೊಣಕೈ ಹಿಡಿದುಕೊಂಡೇ ನಡೆಯುತ್ತಿದ್ದರು. ಒಳ್ಳೆಯ ಕೈ, ಬಸ್ಸಿನ ಸ್ಟಿಯರಿಂಗ್ ಹಿಡಿದು ಗಟ್ಟಿಯಾದ ಕೈ. ಆದರೆ ಅವರ ಡ್ಯೂಟಿ ಮುಗಿದ ಮೇಲೆಯೇ ನನ್ನ ಹೊರಪ್ರಪಂಚ ಶುರುವಾಗುತ್ತಿತ್ತು. ಬೆಟ್ಟದ ಆಚೆಯ ಊರಿನಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ನನ್ನ ತಂಗಿ ಫೋನು ಮಾಡಿದಾಗಲೆಲ್ಲ, "ಭಾವನಿಗೆ ರಜೆ ಸಿಕ್ಕಿದಾಗ ಬಾರೇ ಅಕ್ಕ" ಎನ್ನುತ್ತಿದ್ದಳು. ಅವಳು ತಪ್ಪೇನೂ ಹೇಳುತ್ತಿರಲಿಲ್ಲ. ಆದರೂ ಫೋನು ಇಟ್ಟ ಮೇಲೆ ನಾನು ಒಂದು ಕ್ಷಣ ಗೋಡೆ ನೋಡುತ್ತ ನಿಲ್ಲುತ್ತಿದ್ದೆ.

ಕತ್ತರಿಯಕ್ಕ ಹಿಂದಿನಿಂದ ತಳ್ಳಿದಳೋ ನಾನೇ ಕೂತೆನೋ ಈಗಲೂ ಹೇಳಲಾರೆ. ಬೆನ್ನು ಸೀಟಿಗೆ ತಾಕಿತು, ಕಾಲು ಪೆಡಲಿಗೆ ಸಿಕ್ಕಿತು. ನಾನು ಕಾಯುತ್ತ ಕುಳಿತೆ. ಅಂಗಳ ವಾಲಲಿಲ್ಲ. ಎರಡು ತುಳಿತ ತುಳಿದೆ. ಗಾಡಿ ಗೇಟಿನ ಕಡೆಗೆ ಉರುಳಿತು, ಗೇಟು ನೆಟ್ಟಗೆ ನಿಂತುಕೊಂಡೇ ನನ್ನ ಹತ್ತಿರ ಬಂತು. ಹಿಂದೆ ನೋಡಲು ತಲೆ ತಿರುಗಿಸಬೇಕಾಗಿರಲಿಲ್ಲ, ಎರಡು ಕಡೆಗೂ ಕನ್ನಡಿಗಳಿದ್ದವು. ಅಂಗಳವನ್ನು ಒಂದು ಸುತ್ತು ಹಾಕಿ ಬಂದೆ. ಇಳಿಯಿರಿ ಎಂದು ಯಾರೂ ಹೇಳುವ ಮೊದಲೇ ಇನ್ನೊಂದು ಸುತ್ತು ಹಾಕಿದೆ. ಅದು ನನ್ನ ಸ್ವಭಾವವಲ್ಲ.

ಮೇಷ್ಟ್ರ ಹತ್ತಿರ ಹಳೆಯ ಟ್ರೈಕ್ ಇನ್ನೊಂದಿತ್ತು. ಅವರ ಪ್ರಯಾಣಕ್ಕೆ ಬೇಕಾದ ಚೀಲಗಳನ್ನೆಲ್ಲ ನಾನು ಹೊಲಿದುಕೊಡುವುದು, ಹಳೆಯ ಗಾಡಿಯನ್ನು ನಾನು ಇಟ್ಟುಕೊಳ್ಳುವುದು ಎಂದು ಮಾತಾಯಿತು. ಅದರ ಸೀಟಿಗೆ ಈ ಸಲ ತುಸು ಸಡಿಲ ಬಿಟ್ಟು ನಾನೇ ಹೊಸ ಬಟ್ಟೆ ಹಾಕಿಕೊಂಡೆ. ಸಂಜೆ ಕೆಲಸ ಬಿಟ್ಟ ಮೇಲೆ ಕಾರ್ಖಾನೆಯ ಹಿಂದಿನ ರಸ್ತೆಯಲ್ಲಿ ಅಭ್ಯಾಸ. ಮೊದಮೊದಲು ಆ ರಸ್ತೆಯ ತುದಿ, ಆಮೇಲೆ ಕಾಲುವೆಯ ಸೇತುವೆ, ಆಮೇಲೆ ಊರಿನ ಹೊರಗಿನ ಗೋದಾಮುಗಳು. ಗಂಡನಿಗೆ ವ್ಯಾಯಾಮ ಎಂದಷ್ಟೇ ಹೇಳಿದ್ದೆ. ಅವರು ಸಂತೋಷಪಟ್ಟಿದ್ದರು, ಚೈನಿಗೆ ಎಣ್ಣೆ ಹಾಕಿಕೊಟ್ಟಿದ್ದರು.

ಒಬ್ಬಳೇ ತಂಗಿಯ ಊರಿಗೆ ಇದರಲ್ಲೇ ಹೋಗುತ್ತೇನೆ ಎಂದು ಹೇಳಿದ ದಿನ ಮಾತ್ರ ತಟ್ಟೆಯ ಮುಂದೆ ಅವರ ಕೈ ನಿಂತಿತು. ಹೆದರಿದ ಗಂಡನಾಗಿ ಅವರು ಮಾತಾಡಲಿಲ್ಲ; ಹಾಗೆ ಮಾತಾಡಿದ್ದರೆ ಜಗಳವಾಡಬಹುದಿತ್ತು. ಡ್ರೈವರಾಗಿ ಮಾತಾಡಿದರು. ಅಷ್ಟು ತಗ್ಗಿನಲ್ಲಿರುವುದು ಕ್ಯಾಬಿನ್ನಿನಿಂದ ಕಾಣುತ್ತದೋ ಇಲ್ಲವೋ ನೋಡೋಣ, ರಜೆಯ ದಿನ ಡಿಪೋಗೆ ಬಾ ಎಂದರು.

ಖಾಲಿ ಡಿಪೋದಲ್ಲಿ ಅವರು ತಮ್ಮ ಬಸ್ಸು ಹತ್ತಿ ಕುಳಿತರು. ನಾನು ಸುತ್ತ ಓಡಿಸಬೇಕು. ನಾನು ಕಾಣುವಷ್ಟು ಹೊತ್ತು ಅವರು ಹಾರ್ನ್ ಒತ್ತಿ ಹಿಡಿದಿರುತ್ತಾರೆ. ಇದು ಪರೀಕ್ಷೆ. ನಾನು ಎದುರಿನಿಂದ ಹೊರಟೆ, ಹಾರ್ನ್ ಮೊಳಗುತ್ತಿತ್ತು. ಕಾವಲುಗಾರ ಕಿವಿ ಮುಚ್ಚಿಕೊಂಡು ಎದ್ದು ಹೋದ. ಬಸ್ಸಿನ ಮುಂಭಾಗದ ಎಡ ಮೂಲೆಗೆ ಬಂದೆ. ಹಾರ್ನ್ ನಿಂತಿತು. ಪಕ್ಕದಲ್ಲಿ ಉದ್ದಕ್ಕೂ ಸದ್ದಿಲ್ಲ. ಹಿಂದೆ ದೂರ ಹೋಗಿ ತಿರುಗಿ ಬಂದೆ, ಆಗಲೂ ಇಲ್ಲ. ನಾನು ಬದುಕಿರುವುದು ಆ ಸದ್ದಿನಲ್ಲಿ ಮಾತ್ರ ಎನ್ನಿಸಿತು. ಮತ್ತೆ ಎದುರಿಗೆ ಬಂದಾಗ ಹಾರ್ನ್ ಕೂಗಿತು. ಅವರು ಇಳಿದು ಬಂದಾಗ ಮುಖ ಬಿಳಿಚಿಕೊಂಡಿತ್ತು.

"ನೀನು ಅಲ್ಲೇ ಇದ್ದೀಯ ಅಂತ ಗೊತ್ತಿತ್ತು. ಗೊತ್ತಿದ್ದೂ ನಂಗೆ ಕಾಣಿಸ್ಲಿಲ್ಲ. ಗೊತ್ತಿಲ್ದೇ ಬರೋನಿಗೆ ಏನು ಕಾಣುತ್ತೆ, ಹೇಳು."

ಅವರ ಮಾತು ಸರಿಯಾಗಿತ್ತು. ಮನೆಯಲ್ಲಿ ಕೆಲವು ದಿನ ಇಬ್ಬರೂ ಉಪ್ಪು, ನೀರು ಎಂಬುದರಾಚೆ ಮಾತಾಡಲಿಲ್ಲ. ಆಸೆ ಬಿಟ್ಟುಬಿಡುವುದು ಸುಲಭವಿತ್ತು. ನಾನು ಹೆಚ್ಚಿನ ಆಸೆಗಳನ್ನು ಹೀಗೆ ಮಾತಿಲ್ಲದೆಯೇ ಬಿಟ್ಟವಳು. ಆದರೆ ಕಾಣುವುದಿಲ್ಲ ಎಂಬುದು ಹಣೆಬರಹವಲ್ಲ, ಅದು ಒಂದು ಕೆಲಸ ಎಂದು ಒಂದು ಬೆಳಗ್ಗೆ ಅನ್ನಿಸಿತು. ಕೆಲಸವಾದರೆ ಮಾಡಬಹುದು.

ಹಳದಿ ಸೀಟು ಬಟ್ಟೆಯ ತುಂಡಿನಿಂದ ಒಂದು ಬಾವುಟ ಮಾಡಿದೆ. ನಾಲ್ಕು ಕಡೆ ತಂತಿಯ ಚೌಕಟ್ಟು ಹಾಕಿ ಬಿಗಿದು, ಅಂಚಿಗೆ ಎರಡು ಹೊಲಿಗೆ ಹಾಕಿ, ಉದ್ದ ಕೋಲಿಗೆ ಏರಿಸಿ ಗಾಡಿಯ ಹಿಂದೆ ನಿಲ್ಲಿಸಿದೆ. ಎರಡನೆಯ ಪರೀಕ್ಷೆಗೆ ಗಂಡ ಬೇಡವೆನ್ನಲಿಲ್ಲ. ಹಿಂದಿನಿಂದ ಬರುವಾಗ ಹಾರ್ನ್ ಕೂಗಿತು, ಆದರೆ ತಡವಾಗಿ. ಅವರು ಇಳಿದು ಬಂದು, ಏನೋ ಬೋರ್ಡು ಎಂದುಕೊಂಡೆ, ರಸ್ತೆಯಲ್ಲಿ ಸಾವಿರ ಬೋರ್ಡಿರುತ್ತವೆ, ಡ್ರೈವರ್ ಬೋರ್ಡು ನೋಡುವುದಿಲ್ಲ ಎಂದರು. ಮರುದಿನ ಕತ್ತರಿಯಕ್ಕನಿಗೆ ಹೇಳಿದರೆ ಅವಳು ಬಾವುಟವನ್ನು ಬೆರಳಲ್ಲಿ ತಟ್ಟಿ, ಡೋಲಿನ ಸದ್ದು ಕೇಳಿ, ಹಣೆ ಚಚ್ಚಿಕೊಂಡಳು.

"ನಿನ್ನ ಕೈಗೆ ಸಿಕ್ಕಿದ್ದಕ್ಕೆಲ್ಲ ಉಸಿರು ಕಟ್ಟಿಸ್ತೀಯಲ್ಲೇ. ಗಾಳಿಗೆ ಕುಣೀಬೇಕಾದ್ದನ್ನ ಗೋಡೆ ಮಾಡಿಟ್ಟಿದ್ದೀಯ."

ಚೌಕಟ್ಟು ಕಿತ್ತು, ಬಟ್ಟೆಯನ್ನು ಉದ್ದುದ್ದ ಬಾಲಗಳಾಗಿ ಸೀಳಿ, ಅಂಚು ಹೊಲಿಯದೆ ಹಾಗೇ ಬಿಡು ಎಂದಳು. ಅಂಚು ಹೊಲಿಯದ ಬಟ್ಟೆಯನ್ನು ಹತ್ತು ಜನರ ಮುಂದೆ ಹಾರಿಸಿಕೊಂಡು ಹೋಗುವುದು ಕುಶನ್ ಕೆಲಸದವಳಿಗೆ ಒಳಲಂಗದಲ್ಲಿ ಬೀದಿಗೆ ಇಳಿದ ಹಾಗೆ. ನಾನು ಕತ್ತರಿ ಹಿಡಿದು ಕುಳಿತೇ ಇದ್ದೆ. ಕೊನೆಗೆ ಅವಳೇ ಕಿತ್ತುಕೊಂಡು ಸೀಳಿದಳು.

ಮೂರನೆಯ ಸಲ, ಬಸ್ಸು ತೊಳೆಯುವ ಶೆಡ್ಡಿನ ಹಿಂದಿನಿಂದ ನಾನಿನ್ನೂ ಹೊರಗೆ ಬಂದೇ ಇರಲಿಲ್ಲ, ಹಾರ್ನ್ ಕೂಗಿತು. ಶೆಡ್ಡಿನ ತಗ್ಗು ಗೋಡೆಯ ಮೇಲೆ ಬಾಲಗಳು ಕುಣಿದದ್ದು ಅವರಿಗೆ ಕಂಡಿತ್ತು. ಮುಂದಿನ ಎಡ ಮೂಲೆಯಲ್ಲಿ ಮಾತ್ರ ಸದ್ದು ನಿಂತೇ ಹೋಯಿತು. ಅವರು ಇಳಿದು ಬಂದು, ನನ್ನನ್ನು ಕ್ಯಾಬಿನ್ನಿಗೆ ಹತ್ತಿಸಿ ತಮ್ಮ ಸೀಟಿನಲ್ಲಿ ಕೂರಿಸಿದರು. ತಾವು ಕೆಳಗೆ ನನ್ನ ಗಾಡಿಯನ್ನು ಆ ಮೂಲೆಗೆ ತಳ್ಳಿ ನಿಲ್ಲಿಸಿದರು. ಎಷ್ಟು ಬಗ್ಗಿದರೂ ನನಗೆ ಗಾಡಿ ಕಾಣಲಿಲ್ಲ. ನೋಡಿಕೊಂಡೆಯಾ, ಅದು ಯಾವ ಡ್ರೈವರಿಗೂ ಕಾಣದ ಜಾಗ, ಅಲ್ಲಿ ನಿಲ್ಲಬೇಡ, ನಿಂತ ಬಸ್ಸಿನ ಪಕ್ಕದಲ್ಲಿ ನುಸುಳಬೇಡ ಎಂದು ಕೆಳಗಿನಿಂದ ಹೇಳಿದರು. ಹೋಗು ಎಂದು ಅವರು ಬಾಯಿಬಿಟ್ಟು ಹೇಳಿದ್ದು ನನಗೆ ನೆನಪಿಲ್ಲ. ಮನೆಗೆ ಬಂದು ಟ್ರೈಕಿನ ಕನ್ನಡಿಗಳನ್ನು ಬಿಚ್ಚಿ, ಅವಕ್ಕಿಂತ ಅಗಲವಾದವನ್ನು ಹಾಕಿದರು. ದಿನಾ ಸಂಜೆ ಫೋನು ಮಾಡಬೇಕು ಎಂದರು.

ಹೊರಟ ದಿನ ಬೀದಿಯವರೆಲ್ಲ ಬಾಗಿಲಿಗೆ ಬಂದರು. ಎದುರು ಮನೆಯ ತಾತ, ನಡೆಯಲು ಬೇಜಾರಾದರೆ ಮನುಷ್ಯ ಹಾಸಿಗೆ ಸಮೇತ ಊರು ಬಿಡುತ್ತಾನೆ ಎಂದು ಇಂದೇ ನೋಡಿದೆ ಎಂದರು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಹೆದ್ದಾರಿ ಸೇರುವವರೆಗೂ, ಏನು ಮರೆತೆ, ಪಂಕ್ಚರ್ ಸಾಮಾನು ಮರೆತೆನೇ, ಗ್ಯಾಸ್ ಆರಿಸಿದೆನೇ ಎಂದು ಮನಸ್ಸು ಹಿಂದಕ್ಕೆ ಹಿಂದಕ್ಕೆ ಓಡುತ್ತಿತ್ತು. ಕಾಲು ಮಾತ್ರ ಮುಂದಕ್ಕೇ ತುಳಿಯುತ್ತಿತ್ತು.

ಒರಗಿಕೊಂಡು ಹೋಗುವವಳಿಗೆ ಕಾಣುವ ಲೋಕವೇ ಬೇರೆ. ನಾಯಿಗಳ ಮುಖ ನನ್ನ ಮುಖದ ಎತ್ತರದಲ್ಲೇ ಬರುತ್ತಿತ್ತು. ಬೊಗಳಲು ಬಂದವು ಎದುರಾಬದುರಾ ಸಿಕ್ಕಿ, ಪೇಚಿಗೆ ಬಿದ್ದು, ಸುಮ್ಮನಾಗುತ್ತಿದ್ದವು. ಲಾರಿಗಳ ಹೊಟ್ಟೆ, ಮನೆಗಳ ಹೊಸ್ತಿಲು, ಹುಲ್ಲಿನ ಬುಡ. ತಲೆ ಎತ್ತದೆಯೇ ಆಕಾಶ ಕಾಣುತ್ತಿತ್ತು. ಬೀಸುಗಾಳಿ ನನ್ನ ಮೇಲಿನಿಂದ ದಾಟಿಹೋಗುತ್ತಿತ್ತು. ಕುತ್ತಿಗೆ ನೋವಿಲ್ಲ, ಅಂಗೈ ಜೋಮು ಹಿಡಿಯುವುದಿಲ್ಲ. ಸೀಟು, ಜಂಬವೆಂದುಕೊಂಡರೂ ಸರಿ, ನನ್ನ ಬೆನ್ನಿಗೆ ಹೇಳಿ ಮಾಡಿಸಿದ ಹಾಗಿತ್ತು, ಮಾಡಿದವಳೂ ನಾನೇ. ರಾತ್ರಿ ತಂಗಲು ಮೇಷ್ಟ್ರು ಹೇಳಿದ ಕಡೆ ಕೋಣೆ ಸಿಗುತ್ತಿತ್ತು. ಕೋಣೆಯ ಬಾಗಿಲ ಚಿಲಕವನ್ನು ಮೂರು ಸಲ ನೋಡಿದರೂ ನಿದ್ದೆ ಮಾತ್ರ ಮಗುವಿನ ಹಾಗೆ ಬರುತ್ತಿತ್ತು. ಹೆದ್ದಾರಿಯ ಬಸ್ಸುಗಳಂತೂ ನನ್ನನ್ನು ದೂರದಿಂದಲೇ ಕಂಡು, ವೇಗ ತಗ್ಗಿಸಿ, ಅಗಲ ಜಾಗ ಬಿಟ್ಟು ದಾಟುತ್ತಿದ್ದವು. ಬಾಲಗಳು ಕೆಲಸ ಮಾಡುತ್ತಿವೆ ಎಂದು ನಾನು ಹೆಮ್ಮೆಪಟ್ಟುಕೊಂಡೆ.

ಆಮೇಲೆ ಬೆಟ್ಟ. ಅತಿ ಸಣ್ಣ ಗೇರಿಗೆ ಹಾಕಿದರೆ ಟ್ರೈಕ್ ಎಷ್ಟು ನಿಧಾನವೆಂದರೆ, ಸೌದೆ ಹೊತ್ತ ಒಬ್ಬ ಮುದುಕಿ ನನ್ನನ್ನು ದಾಟಿ ಹೋಗಿ, ತಿರುವಿನಲ್ಲಿ ಕಾದಿದ್ದು, ನೀರು ಬೇಕೇನವ್ವ ಎಂದು ಕೇಳಿದಳು. ಆದರೆ ಎರಡು ಗಾಲಿಯದು ನಿಧಾನವಾದರೆ ಬೀಳುತ್ತದೆ, ಇದು ಬೀಳುವುದಿಲ್ಲ. ಉಸಿರು ಸಾಲದಾದಾಗ ಬ್ರೇಕಿಗೆ ಬೀಗ ಹಾಕಿ, ಕೂತ ಜಾಗದಲ್ಲೇ ಕೂತು, ಕೆಳಗೆ ನಾನು ಬಂದ ರಸ್ತೆ ಬೆಟ್ಟಕ್ಕೆ ಸುತ್ತಿಕೊಂಡಿರುವುದನ್ನು ನೋಡುತ್ತಿದ್ದೆ. ನಾನೇ ತುಳಿದು ಬಂದದ್ದು ಎಂದು ಜೋರಾಗಿ ಹೇಳಿಕೊಳ್ಳಲು ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿದೆ. ಯಾರೂ ಇರಲಿಲ್ಲ, ಆದರೂ ಮೆಲ್ಲಗೇ ಹೇಳಿಕೊಂಡೆ.

ಬೆಟ್ಟದ ನೆತ್ತಿಯಲ್ಲಿ ಬಸ್ಸುಗಳು ನಿಂತು ಹೋಗುವ ಒಂದು ತಂಗುದಾಣವಿತ್ತು. ನಾನು ನೀರು ಕುಡಿಯುತ್ತಿದ್ದಾಗ ಒಂದು ಬಸ್ಸಿನ ಡ್ರೈವರ್ ಇಳಿದು ಬಂದು, ಬಾಲಗಳನ್ನೂ ನನ್ನನ್ನೂ ನೋಡಿ, ನೀವು ಇಂಥವರ ಮನೆಯವರಲ್ಲವೇ ಎಂದರು. ಎಲ್ಲ ಡಿಪೋಗಳಿಗೂ ಸುದ್ದಿ ಬಂದಿದೆ, ಈ ದಾರಿಯ ಪ್ರತಿ ಡ್ರೈವರಿಗೂ ನಿಮ್ಮ ಯಜಮಾನರು ಹೇಳಿಸಿದ್ದಾರೆ ಎಂದರು.

ಬಸ್ಸುಗಳು ಬಿಟ್ಟ ಅಗಲ ಜಾಗದ ಅರ್ಥ ಆಗ ಆಯಿತು. ಇಷ್ಟು ದೂರ ಒಬ್ಬಳೇ ಬಂದೆ ಎಂದುಕೊಂಡಿದ್ದೆ. ದಾರಿಯುದ್ದಕ್ಕೂ ಅವರ ಕೈ ನನ್ನ ಮೊಣಕೈಯ ಮೇಲೇ ಇತ್ತು. ನನ್ನನ್ನು ಹುಷಾರಾಗಿ ನೋಡಿಕೊಳ್ಳಿ ಎಂದು ಹೇಳಿದರೇ ಎಂದು ಕೇಳಿದೆ. ನನ್ನ ದನಿ ಕೇಳಿ ಆ ಡ್ರೈವರ್ ಸ್ವಲ್ಪ ಗಲಿಬಿಲಿಯಾದರು.

"ಹಾಗಲ್ಲಮ್ಮ. 'ನೀವೆಲ್ಲ ಡೀಸೆಲ್ ಸುಟ್ಟು ಹತ್ತೋ ಬೆಟ್ಟಾನ ನನ್ನ ಹೆಂಡತಿ ಕಾಲಲ್ಲಿ ಹತ್ತುತ್ತಾಳೆ, ಪುಣ್ಯ ಇದ್ದರೆ ಕಣ್ಣಿಗೆ ಬೀಳ್ತಾಳೆ, ನೋಡಿಕೊಳ್ಳಿ' ಅಂದ್ರು. ಊಟದ ಹೊತ್ತಲ್ಲಿ ಅದೇ ಮಾತು, ಕೇಳಿ ಕೇಳಿ ಸಾಕಾಗಿದೆ ನಮಗೆ."

ಬಸ್ಸು ಹೊರಟುಹೋಯಿತು. ನಗು ಬಂತು, ಕಣ್ಣೀರೂ ಬಂತು, ಸಿಟ್ಟು ಮಾತ್ರ ಪೂರ್ತಿ ಹೋಗಲಿಲ್ಲ. ಅವರು ಜಂಬ ಕೊಚ್ಚಿದ್ದೂ ನಿಜ, ಕಾವಲು ಇಟ್ಟಿದ್ದೂ ನಿಜ. ಎರಡನ್ನೂ ಬಿಡಿಸಿ ಬೇರೆ ಮಾಡಲು ಅವರಿಗೇ ಬರುತ್ತಿರಲಿಲ್ಲವೇನೋ. ಆದರೆ ಒಬ್ಬಳೇ ಹೋಗಲು ನನ್ನಿಂದಾಗುತ್ತದೆಯೇ ಎಂಬ ಪ್ರಶ್ನೆಗೆ ನನಗಿನ್ನೂ ಉತ್ತರ ಸಿಕ್ಕಿರಲಿಲ್ಲ. ಅದನ್ನು ತಿಳಿಯದೆ ತಂಗಿಯ ಮನೆ ಮುಟ್ಟಿದರೆ ಬಸ್ಸಿನಲ್ಲಿ ಬಂದಂತೆಯೇ.

ನಕ್ಷೆ ಬಿಡಿಸಿದೆ. ನಕ್ಷೆ ಓದುವುದನ್ನು ಸಂಜೆ ಶಾಲೆಯಲ್ಲಿ ಕಲಿತಿದ್ದೆ. ಪರೀಕ್ಷೆಗೆ ಮಾತ್ರ ಉಪಯೋಗಕ್ಕೆ ಬಂದ ವಿದ್ಯೆ ಎಂದುಕೊಂಡಿದ್ದೆ. ಬಸ್ಸುಗಳ ಹೆದ್ದಾರಿ ದಪ್ಪ ಗೆರೆಯಾಗಿ ಬಲಕ್ಕೆ ಇಳಿಯುತ್ತಿತ್ತು. ಎಡಕ್ಕೆ ಹೊಳೆಯ ಪಕ್ಕದಲ್ಲಿ ಕೂದಲೆಳೆಯಷ್ಟು ತೆಳ್ಳನೆಯ ಇನ್ನೊಂದು ಗೆರೆ, ಅದೂ ತಂಗಿಯ ಊರಿಗೇ. ಆ ದಾರಿಯಲ್ಲಿ ಯಾವ ಡಿಪೋದ ಬಸ್ಸೂ ಓಡುವುದಿಲ್ಲ. ನಾನು ನಕ್ಷೆಯನ್ನು ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ. ಆಮೇಲೆ ಗಾಡಿಯನ್ನು ಎಡಕ್ಕೆ ತಿರುಗಿಸಿದೆ.

ರಸ್ತೆ ಕಿರಿದು, ಆದರೆ ನೆರಳಿತ್ತು. ಹೊಳೆಯ ಸದ್ದು ಒಮ್ಮೆ ಪಕ್ಕದಲ್ಲಿ, ಒಮ್ಮೆ ಕೆಳಗೆ. ಬ್ರೇಕು ಬಿಸಿಯಾಗದಂತೆ ಬಿಟ್ಟು ಬಿಟ್ಟು ಹಿಡಿಯುತ್ತ ಇಳಿದೆ. ಮರದ ಸೇತುವೆಯೊಂದನ್ನು ದಾಟಿದ ಮೇಲೆ, ಒಂದು ತಿರುವಿನ ಆಚೆ ಡಾಂಬರೇ ಇರಲಿಲ್ಲ. ಎಂದೋ ನೀರು ನುಗ್ಗಿ ರಸ್ತೆಯನ್ನು ಕೊಚ್ಚಿಕೊಂಡು ಹೋಗಿತ್ತು. ಉಳಿದದ್ದು ಉರುಟು ಕಲ್ಲುಗಳ ಇಳಿಜಾರು, ಒಂದು ಪಕ್ಕ ಹೊಳೆ. ಹಿಂದಿನ ಗಾಲಿ ಜಾರಿ ಗಾಡಿ ಅಡ್ಡಡ್ಡ ಹೊರಳಿತು. ಇಳಿದೇ ದಾಟಬೇಕು.

ಇಳಿದು ನಿಂತ ತಕ್ಷಣ ಬೆಟ್ಟ ವಾಲಿತು. ಕಾಲ ಕೆಳಗೆ ಕಲ್ಲು ಉರುಳುತ್ತಿತ್ತು, ನೀರಿನ ಹೊಳಪು ಕಣ್ಣಿಗೆ ಚುಚ್ಚುತ್ತಿತ್ತು, ಕೈ ತಾನಾಗಿ ಗಾಳಿಯಲ್ಲಿ ಯಾರನ್ನೋ ಹುಡುಕಿತು. ಯಾರೂ ಇರಲಿಲ್ಲ. ಸೀಟಿನ ಬೆನ್ನನ್ನು ಹಿಡಿದುಕೊಂಡೆ. ಅದು ಅಲುಗಲಿಲ್ಲ. ಹೊಳೆಯನ್ನು ನೋಡುವುದು ಬಿಟ್ಟು, ಮುಂದಿನ ಒಂದೇ ಕಲ್ಲನ್ನು ನೋಡಿದೆ; ಗಾಡಿಯನ್ನು ಒಂದು ಗೇಣು ತಳ್ಳಿದೆ, ಬ್ರೇಕು ಹಿಡಿದೆ, ಒಂದು ಹೆಜ್ಜೆ ಇಟ್ಟೆ. ಮತ್ತೆ ಒಂದು ಗೇಣು. ಬೆವರು ಕಣ್ಣಿಗಿಳಿಯಿತು, ಒರೆಸಿಕೊಳ್ಳಲು ಕೈ ಬಿಡಲಿಲ್ಲ. ಆಚೆಯ ಡಾಂಬರು ಚಪ್ಪಲಿಗೆ ತಾಕಿದಾಗ, ನಾನು ಗಾಡಿಯನ್ನು ದಾಟಿಸಿದೆನೋ ಗಾಡಿ ನನ್ನನ್ನು ದಾಟಿಸಿತೋ ಎಂದು ಯೋಚಿಸುವಷ್ಟೂ ತ್ರಾಣವಿರಲಿಲ್ಲ. ರಸ್ತೆಯ ಬದಿಯಲ್ಲಿ ಕೂತು, ಎರಡು ಕೈಯಿಂದಲೂ ಮಂಡಿ ಹಿಡಿದುಕೊಂಡು, ಒಬ್ಬಳೇ ನಕ್ಕೆ.

ಹೊಲಗಳು ಶುರುವಾಗುವಲ್ಲಿ ಫೋನಿಗೆ ಜೀವ ಬಂತು. ಸಂಜೆಯಾಗಿತ್ತು. ಗಂಡನಿಗೆ ಫೋನು ಮಾಡಿದೆ, ಮೊದಲ ರಿಂಗಿಗೇ ಎತ್ತಿಕೊಂಡರು. ಹಿಂದೆ ಡಿಪೋದ ವಿಶ್ರಾಂತಿ ಕೋಣೆಯ ಗದ್ದಲ. ಯಾವ ಸ್ಟಾಪಿನಲ್ಲಿದ್ದೀಯ, ನೆತ್ತಿ ಬಿಟ್ಟ ಮೇಲೆ ನಮ್ಮವರು ಯಾರೂ ನೋಡಿಲ್ಲವಂತೆ ಎಂದರು. ಹೊಳೆಯ ದಾರಿಯಲ್ಲಿ ಬಂದೆ ಎಂದೆ.

"ಆ ಕಡೆ ನಮ್ಮ ಬಸ್ಸು ಹೋಗಲ್ವಲ್ಲ."

"ಗೊತ್ತು ಕಣ್ರೀ. ಅದಕ್ಕೇ ಬಂದೆ."

ನಾನು ಬೈಗುಳಕ್ಕೆ ಕಾದೆ, ಸಮಜಾಯಿಷಿಯನ್ನೂ ಸಿದ್ಧ ಮಾಡಿಕೊಂಡೆ. ಅವರು ಗಂಟಲು ಸರಿಮಾಡಿಕೊಂಡರು.

"ರಸ್ತೆ ಹೇಗಿದೆ ಅಲ್ಲಿ?"

ಅದು ಒಬ್ಬ ಡ್ರೈವರ್ ಎದುರಿನಿಂದ ಬಂದ ಇನ್ನೊಬ್ಬ ಡ್ರೈವರನ್ನು ಕೇಳುವ ದನಿ. ನನ್ನನ್ನು ಯಾರೂ ಅದುವರೆಗೆ ಆ ದನಿಯಲ್ಲಿ ಏನನ್ನೂ ಕೇಳಿರಲಿಲ್ಲ. ನೆಟ್ಟಗೆ ಕೂತು ಹೇಳಿದೆ. ಮೊದಲ ಇಳಿಜಾರು ಚೆನ್ನಾಗಿದೆ, ಎರಡು ಕಡೆ ಎದುರಿನವರಿಗೆ ಜಾಗ ಬಿಡಲು ಕಷ್ಟ, ಮರದ ಸೇತುವೆಯ ಮೇಲೆ ಹಲಗೆ ಗಟ್ಟಿಯಿದೆ, ಅದರಾಚೆಯ ತಿರುವಿನಲ್ಲಿ ರಸ್ತೆ ಕೊಚ್ಚಿಹೋಗಿದೆ, ಭಾರದ ಗಾಡಿ ದಾಟುವ ಹಾಗಿಲ್ಲ. ಅವರು ನಡುವೆ ನಡುವೆ ಹೂಂ ಎನ್ನುತ್ತಿದ್ದರು. ಕೊಚ್ಚಿಹೋದ ಜಾಗಕ್ಕಿಂತ ಮೊದಲು ಬಸ್ಸು ತಿರುಗಿಸಲು ಎಲ್ಲಾದರೂ ಅಗಲವಿದೆಯೇ ಎಂದು ಕೇಳಿದರು. ಕಣ್ಣು ಮುಚ್ಚಿ ರಸ್ತೆಯನ್ನು ಇನ್ನೊಮ್ಮೆ ಇಳಿದು ನೋಡಿದೆ. ಇಲ್ಲ, ಎಲ್ಲೂ ತಿರುಗುವುದಿಲ್ಲ ಎಂದೆ.

ಅವರು ಫೋನನ್ನು ಬಾಯಿಂದ ಸ್ವಲ್ಪ ದೂರ ಸರಿಸಿದ್ದು ಗೊತ್ತಾಯಿತು. ಕೋಣೆಯಲ್ಲಿದ್ದವರಿಗೆ ಅವರು ದೊಡ್ಡ ದನಿಯಲ್ಲಿ ಹೇಳುತ್ತಿದ್ದರು.

"ಕೇಳ್ರಪ್ಪ, ಹೊಳೆ ದಾರೀಲಿ ಬಸ್ಸು ತಿರುಗಲ್ಲ. ನಮ್ಮನೆಯವಳು ಈಗ ತಾನೆ ಅದೇ ದಾರೀಲಿ ಇಳಿದು ಬಂದಿದ್ದಾಳೆ."